ಹಣದ ಸಂಕಷ್ಟದಲ್ಲಿರುವ ಕುಟುಂಬಗಳ ಕೇಸ್‌ವರ್ಕರ್ ಆಗುತ್ತಿದ್ದೇನೆ, ಎಲ್ಲಿಂದ ಶುರು ಮಾಡಲಿ? ಅನುಭವ ಇರುವವರು ಹೇಳಿ

ಕೇಳಿದವರು

ನಮಸ್ಕಾರ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ. ಮುಂದಿನ ತಿಂಗಳಿಂದ ಕುಟುಂಬ ನೆರವು ಕೇಂದ್ರವೊಂದರಲ್ಲಿ ಕೇಸ್‌ವರ್ಕರ್ ಆಗಿ ಸೇರುತ್ತೇನೆ, ಕೆಲಸಕ್ಕೆ ಪೂರ್ತಿ ಹೊಸಬಳು. ಅಲ್ಲಿಗೆ ಬರುವವರೆಲ್ಲ ಹಣದ ಸಂಕಷ್ಟಕ್ಕೆ ಸಿಕ್ಕಿದವರು. ಕೆಲಸ ಹೋದವರು, ಬಾಡಿಗೆ ಬಾಕಿ ಉಳಿಸಿಕೊಂಡವರು, ಕಾಯಿಲೆಗೆಂದು ಸಾಲ ಮಾಡಿದವರು, ಒಂದು ಸಾಲ ತೀರಿಸಲು ಇನ್ನೊಂದು ಎತ್ತಿದವರು. ನಮ್ಮ ಹತ್ತಿರ ತುರ್ತು ನೆರವು ಅಂತ ಇರುವ ಹಣ ತೀರಾ ಕಡಿಮೆ. ತರಬೇತಿಯಲ್ಲಿದ್ದಾಗ ಹಿರಿಯರ ಜೊತೆ ಕೆಲವು ಮನೆಗಳಿಗೆ ಹೋಗಿದ್ದೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ನಡುವೆ ಅಳುತ್ತಾರೆ, ಫೋನ್ ಬಡಿದುಕೊಳ್ಳುತ್ತಲೇ ಇರುತ್ತದೆ. ಮೊದಲು ಏನು ಹಿಡಿಯಬೇಕು? ಪೂರ್ತಿ ನಿಜ ಹೇಳುತ್ತಿಲ್ಲ ಅನ್ನಿಸಿದರೆ ಏನು ಮಾಡಬೇಕು? ಕೊಡೋಕೆ ಹಣವೇ ಇಲ್ಲದ ಮೇಲೆ ನಾನು ಹೋಗಿ ಆ ಮನೆಗೆ ಏನು ಪ್ರಯೋಜನ?

ಸಾಲ ಸಲಹೆ ಕೆಲಸದಲ್ಲಿರುವವರು

ತಂಗಿ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಪ್ರಯೋಜನ ತುಂಬಾ ಇದೆ. ಸಂಕಷ್ಟಕ್ಕೆ ಸಿಕ್ಕ ಮನೆಯಲ್ಲಿ ಹಣದ ಜೊತೆಗೆ ಕ್ರಮವೂ ಕೈತಪ್ಪಿ ಹೋಗಿರುತ್ತದೆ. ಯಾರಿಗೆ ಇವತ್ತು ಕೊಡಬೇಕು, ಯಾರನ್ನು ಮುಂದಿನ ತಿಂಗಳವರೆಗೆ ಕಾಯಿಸಬಹುದು, ಯಾವ ಕಾಗದಕ್ಕೆ ಈ ವಾರವೇ ಉತ್ತರ ಹೋಗಬೇಕು ಎಂಬುದು ಅವರಿಗೆ ಕಾಣದಂತಾಗಿರುತ್ತದೆ. ಆ ಕ್ರಮವನ್ನು ಮತ್ತೆ ಅವರ ಕೈಗೆ ಕೊಡುವುದು ನಮ್ಮ ಕೆಲಸ.

ಕ್ರಮ ತಪ್ಪುವುದಕ್ಕೆ ಅವರ ಬುದ್ಧಿಯ ಕೊರತೆ ಕಾರಣವಲ್ಲ. 2013ರಲ್ಲಿ ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮತ್ತು ಜಿಯಾಯಿಂಗ್ ಝಾವೋ ಒಂದು ಅಧ್ಯಯನ ಪ್ರಕಟಿಸಿದರು. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ, ಕೈ ಬರಿದಾಗಿದ್ದಾಗ ಒಮ್ಮೆ, ಕಟಾವಾಗಿ ಹಣ ಬಂದ ಮೇಲೆ ಇನ್ನೊಮ್ಮೆ ಗಮನ ಮತ್ತು ತರ್ಕದ ಪರೀಕ್ಷೆ ಕೊಟ್ಟಿದ್ದರು. ಅದೇ ರೈತರು ಹಣ ಇಲ್ಲದ ದಿನಗಳಲ್ಲಿ ಹಿಂದೆ ಬಿದ್ದಿದ್ದರು. ಇದು ನೆನಪಿದ್ದರೆ, ಎದುರಿಗಿರುವವರು ಕೇಳಿದ್ದನ್ನೇ ಮೂರು ಸಲ ಕೇಳಿದಾಗ, ಬರುತ್ತೇನೆಂದ ದಿನ ಮರೆತು ಮನೆಯಲ್ಲೇ ಕೂತಾಗ ನಿಮಗೆ ಸಿಟ್ಟು ಬರುವುದಿಲ್ಲ. ಹೇಳಿದ್ದನ್ನು ಬರೆದು ಕೊಡುತ್ತೀರಿ, ಹಿಂದಿನ ದಿನ ಫೋನ್ ಮಾಡಿ ನೆನಪಿಸುತ್ತೀರಿ.

ಈಗ ಕ್ರಮದ ವಿಚಾರ. ಇಂಥ ಮನೆಗೆ ನಾಲ್ಕು ಕಾಸು ಬಂದ ತಕ್ಷಣ ಅದು ಯಾರ ಕೈ ಸೇರುತ್ತದೆ ಗೊತ್ತಾ? ಜೋರಾಗಿ ಕೂಗುವವರ ಕೈ. ದಿನಕ್ಕೆ ಹತ್ತು ಸಲ ಫೋನ್ ಮಾಡುವವರು, ಬಾಗಿಲಲ್ಲಿ ನಿಂತು ಅಕ್ಕಪಕ್ಕದವರಿಗೆ ಕೇಳುವ ಹಾಗೆ ತಗಾದೆ ಮಾಡುವವರು ಮೊದಲು ತೆಗೆದುಕೊಂಡು ಹೋಗುತ್ತಾರೆ. ಮನೆ ಮಾಲೀಕರು ಒಂದು ನೋಟಿಸ್ ಕೊಟ್ಟು ಸುಮ್ಮನಿರುತ್ತಾರೆ. ವಿದ್ಯುತ್ ಕಚೇರಿಯಿಂದ ಒಂದು ಕಾಗದ ಬಂದಿರುತ್ತದೆ, ಅಷ್ಟೇ. ಕೋರ್ಟ್ ಒಂದು ತಾರೀಕು ಕೊಟ್ಟಿರುತ್ತದೆ. ಬದುಕನ್ನೇ ಬುಡಮೇಲು ಮಾಡಬಲ್ಲವರು ಹೆಚ್ಚಾಗಿ ಸದ್ದು ಮಾಡುವುದಿಲ್ಲ. ಹಾಗಾಗಿ ಪ್ರತಿ ಬಾಕಿಗೂ ನಾನು ಕೇಳುವುದು ಒಂದೇ ಪ್ರಶ್ನೆ: "ಇದನ್ನು ಕಟ್ಟದಿದ್ದರೆ ನೀವು ಏನು ಕಳೆದುಕೊಳ್ಳುತ್ತೀರಿ?" ಮನೆ ಹೋಗುತ್ತದೆ, ದೀಪ ನೀರು ನಿಲ್ಲುತ್ತದೆ, ದುಡಿಯಲು ಬೇಕಾದ ಗಾಡಿ ಅಥವಾ ಯಂತ್ರ ಹೋಗುತ್ತದೆ, ದಿನವೂ ನುಂಗಬೇಕಾದ ಮಾತ್ರೆ ತಪ್ಪುತ್ತದೆ, ಕೋರ್ಟ್ ಆದೇಶ ಮೀರಿದಂತಾಗುತ್ತದೆ ಎಂಬ ಉತ್ತರ ಬಂದರೆ ಅದು ಮೇಲೆ. ಅಡಮಾನ ಇರುವ ಸಾಲ ಅದರ ಕೆಳಗೆ. ಅಡವಿಟ್ಟದ್ದು ಮನೆ ಅಥವಾ ದುಡಿಮೆಯ ಸಾಧನವೇ ಆದರೆ ಅದೂ ಮೇಲಕ್ಕೆ. ಬೈಗುಳ ಮತ್ತು ಫೋನ್ ಕಾಟ ಬಿಟ್ಟು ಸದ್ಯಕ್ಕೆ ಬೇರೇನೂ ಆಗದ ಸಾಲ ಕೊನೆಗೆ. ಪಟ್ಟಿ ಬರೆದು ಮುಗಿಸುವ ಹೊತ್ತಿಗೆ, ಅವರು ಇಷ್ಟು ದಿನ ತಲೆಕೆಳಗಾಗಿ ಕಟ್ಟುತ್ತಿದ್ದರು ಎಂಬುದು ನೀವು ಹೇಳದೆಯೇ ಅವರಿಗೆ ಕಾಣುತ್ತದೆ.

ಒಂದು ಕಡೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಸಂಬಂಧಿಕರು ಅಥವಾ ಸ್ನೇಹಿತರು ಜಾಮೀನು ನಿಂತಿದ್ದರೆ, ಕಾಗದದ ಪ್ರಕಾರ ಅದು ಕೆಳಗಿನ ಸಾಲವಾದರೂ ಮನೆಯವರು ಅದನ್ನೇ ಮೊದಲು ಕಟ್ಟಬೇಕು ಅನ್ನುತ್ತಾರೆ. "ನಮ್ಮಿಂದ ಅವರು ಬೀದಿಗೆ ಬರಬಾರದು" ಅನ್ನುತ್ತಾರೆ. ನೀವು ಅದರ ಪರಿಣಾಮ ವಿವರಿಸಿ, ಆಮೇಲೆ ಅವರ ಮಾತಿಗೆ ಬಿಡಿ. ತೀರ್ಮಾನ ಅವರದ್ದು. ಸಮಾಜಕಾರ್ಯದ ಪ್ರಾಧ್ಯಾಪಕ ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ಕೇಸ್‌ವರ್ಕ್ ಸಂಬಂಧಕ್ಕೆ, ಅಂದರೆ ಕೇಸ್‌ವರ್ಕರ್ ಮತ್ತು ನೆರವು ಕೇಳಿ ಬಂದವರ ನಡುವಿನ ಸಂಬಂಧಕ್ಕೆ, ಏಳು ತತ್ವಗಳನ್ನು ಹೇಳಿದರಲ್ಲ, ನೀವು ಪರೀಕ್ಷೆಗೆ ಓದಿರುತ್ತೀರಿ. ಅದರಲ್ಲಿ ಸ್ವನಿರ್ಧಾರದ ಹಕ್ಕು ಅನ್ನುವುದು ಓದುವಾಗ ತುಂಬಾ ಸಲೀಸು. ಕಷ್ಟವಾಗುವುದು ಇಂಥ ಕಡೆ.

ಇನ್ನು ಕಾಗದ. ಹೆಚ್ಚಿನ ಮನೆಗಳಲ್ಲಿ ಒಂದು ಚೀಲ ಇರುತ್ತದೆ, ಒಡೆಯದ ಲಕೋಟೆಗಳ ಚೀಲ. ಭಯಕ್ಕೆ ಒಡೆದಿರುವುದಿಲ್ಲ. "ಯಾಕೆ ನೋಡಿಲ್ಲ" ಎಂದು ಮಾತ್ರ ಕೇಳಬೇಡಿ. ಅವರ ಅನುಮತಿ ಕೇಳಿ, ಅವರ ಜೊತೆಯಲ್ಲೇ ಕೂತು ಒಂದೊಂದಾಗಿ ಒಡೆಯಿರಿ. ಒಬ್ಬೊಬ್ಬ ಸಾಲ ಕೊಟ್ಟವರಿಗೆ ಒಂದೊಂದು ಕಟ್ಟು, ಕೊನೆಗೆ ಬಂದ ಕಾಗದ ಮೇಲೆ. ಹಳೆಯವು ಹೆಚ್ಚಾಗಿ ಅದೇ ಮಾತಿನ ಪುನರಾವರ್ತನೆ. ದೊಡ್ಡ ಚೀಲ ಐದಾರು ತೆಳು ಕಟ್ಟುಗಳಾಗುತ್ತದೆ. ಅದನ್ನು ನೋಡಿದ ಮೇಲೆ ಮನೆಯವರ ಮುಖದಲ್ಲಿ ಆಗುವ ಬದಲಾವಣೆಯನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಸಾಲ ಒಂದು ಪೈಸೆ ಇಳಿದಿರುವುದಿಲ್ಲ, ಆದರೆ ಅದಕ್ಕೊಂದು ಗಾತ್ರ ಸಿಕ್ಕಿರುತ್ತದೆ.

ಬಡ್ಡಿ ಲೆಕ್ಕವನ್ನು ಮೊದಲ ಭೇಟಿಯಲ್ಲಿ ಹಾಕಿ ತೋರಿಸಬೇಡಿ, ಕುಸಿದು ಹೋಗುತ್ತಾರೆ. ಎರಡನೇ ಸಲ ತೋರಿಸಿ. ತಿಂಗಳಿಗೆ ನೂರಕ್ಕೆ 5 ಅಂದರೆ ಕಿವಿಗೆ ಸಣ್ಣದಾಗಿ ಕೇಳುತ್ತದೆ. ಅದು ವರ್ಷಕ್ಕೆ ನೂರಕ್ಕೆ 60. ಕಟ್ಟದ ಬಡ್ಡಿ ಅಸಲಿಗೆ ಸೇರುತ್ತಾ ಹೋದರೆ ವರ್ಷಕ್ಕೆ ಸುಮಾರು 80, ಹದಿನೈದನೇ ತಿಂಗಳಿಗೆ ಸಾಲ ಎರಡರಷ್ಟು. ನೂರಕ್ಕೆ 10 ಆದರೆ ಎಂಟನೇ ತಿಂಗಳಿಗೇ ದುಪ್ಪಟ್ಟು. ಬಾಯಿಲೆಕ್ಕಕ್ಕೆ 72ನ್ನು ತಿಂಗಳ ಬಡ್ಡಿ ದರದಿಂದ ಭಾಗಿಸಿ, ಎಷ್ಟು ತಿಂಗಳಿಗೆ ದುಪ್ಪಟ್ಟಾಗುತ್ತದೆ ಎಂಬುದು ಹೆಚ್ಚುಕಡಿಮೆ ಸಿಗುತ್ತದೆ. ಇದರ ಜೊತೆಗೆ "ಇದುವರೆಗೆ ಒಟ್ಟು ಎಷ್ಟು ಕಟ್ಟಿದ್ದೀರಿ" ಎಂಬುದನ್ನೂ ಕೂಡಿಸಿ. ಅಸಲಿಗಿಂತ ಹೆಚ್ಚು ಕಟ್ಟಿಯಾಗಿದೆ, ಆದರೂ ಅಸಲು ಹಾಗೇ ಇದೆ ಎಂಬುದು ಎಷ್ಟೋ ಸಲ ಆಗಲೇ ಹೊರಬೀಳುತ್ತದೆ. ಸಾಲ ಕೊಟ್ಟವರ ಜೊತೆ ಮಾತಿಗೆ ಕೂರುವಾಗ ಈ ಅಂಕಿ ನಿಮ್ಮ ಕೈಯಲ್ಲಿರಬೇಕು.

ಹಿಂದೆ ನೆರವು ಪಡೆದ ತಾಯಿ

ನಾನು ಮೇಜಿನ ಆ ಕಡೆ ಕೂತವಳು. ನಮ್ಮ ಮನೆಯವರ ಕೆಲಸ ಹೋಯ್ತು, ಅದೇ ಹೊತ್ತಿಗೆ ಅತ್ತೆಗೆ ಆಪರೇಷನ್ ಆಯ್ತು. ಯಾರ್ಯಾರ ಹತ್ತಿರವೋ ಕೈಸಾಲ ಮಾಡಿದ್ವಿ. ಏನು ಕೆಲಸಕ್ಕೆ ಬಂತು, ಏನು ನೋವು ಮಾಡಿತು ಅಂತ ಹೇಳ್ತೀನಿ ಮೇಡಂ, ಬೇಜಾರು ಮಾಡ್ಕೋಬೇಡಿ.

ಒಂದು ಕಚೇರಿಯಲ್ಲಿ ನಮ್ಮ ಕಥೆ ಪೂರ್ತಿ ಕೇಳಿ ಕೊನೆಗೆ "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತಮ್ಮ" ಅಂದ್ರು. ಆಸ್ಪತ್ರೆ ಬಾಗಿಲಲ್ಲಿ ನಿಂತಾಗ ಹಾಸಿಗೆ ಅಳತೆ ನೋಡೋಕಾಗುತ್ತಾ? ಆ ಮಾತು ಕೇಳಿದ ಮೇಲೆ ಎಷ್ಟೋ ದಿನ ನಾನು ಯಾವ ಕಚೇರಿ ಮೆಟ್ಟಿಲೂ ಹತ್ತಲಿಲ್ಲ. ಆ ದಿನಗಳಲ್ಲೇ ಬಾಡಿಗೆ ಬಾಕಿ ಬೆಳೆದದ್ದು. ನೀವು ಗಾದೆ ಹೇಳಬೇಡಿ. ನಮಗೆ ಎಲ್ಲ ಗಾದೆ ಗೊತ್ತಿದೆ.

ಇನ್ನೊಂದು, ಪ್ರತಿ ಕೌಂಟರ್‌ನಲ್ಲಿ ಅದೇ ಕಥೆ ಮೊದಲಿಂದ ಹೇಳಿಸ್ತಾರೆ. ಹಿಂದೆ ಸಾಲಲ್ಲಿ ನಿಂತವರು ಕೇಳಿಸ್ಕೊಳ್ತಾ ಇರ್ತಾರೆ. ಆಮೇಲೆ ಸಿಕ್ಕ ಕೇಸ್‌ವರ್ಕರ್ ಏನು ಮಾಡಿದ್ರು ಅಂದ್ರೆ, ನಾವು ಹೇಳಿದ್ದನ್ನ ಒಂದೇ ಪುಟದಲ್ಲಿ ಬರೆದು, ನಮಗೆ ಓದಿ ಹೇಳಿ, ತಪ್ಪಿದ್ದ ಕಡೆ ತಿದ್ದಿ, ಮೂರು ಪ್ರತಿ ಮಾಡಿ ಕೊಟ್ರು. "ಮುಂದೆ ಎಲ್ಲಿ ಹೋದರೂ ಇದನ್ನ ಕೊಡಿ, ಬಾಯಿಬಿಡಬೇಕಾಗಿಲ್ಲ" ಅಂದ್ರು. ಹಣ ಕೊಟ್ಟಿದ್ರೂ ನನಗೆ ಅಷ್ಟು ಸಮಾಧಾನ ಆಗ್ತಿರಲಿಲ್ಲ ಅಂತ ಮನಸ್ಸಿಂದ ಹೇಳ್ತಿದೀನಿ. ಬೇರೆ ಕಚೇರಿಗೆ ಕಳಿಸುವಾಗ ನಂಬರ್ ಬರೆದು ಕೈಗಿಡಲಿಲ್ಲ. ನಮ್ಮ ಮುಂದೆಯೇ ಫೋನ್ ಮಾಡಿದ್ರು, ಯಾವ ದಿನ ಹೋಗಬೇಕು, ಯಾವ ಕಾಗದ ತರಬೇಕು ಅಂತ ಕೇಳಿ ಬರೆದುಕೊಟ್ರು. ಅರ್ಜಿ ತುಂಬುವಾಗ ಪೆನ್ನು ನನ್ನ ಕೈಯಲ್ಲೇ ಇರಬೇಕು ಅಂದ್ರು. ಎರಡನೇ ಅರ್ಜಿ ನಾನೇ ತುಂಬಿದೆ.

ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಸಾಲದ ಮಾತಾಡಬೇಡಿ. ನನ್ನ ಮಗಳು ಅವತ್ತಿಂದ ಪೆನ್ಸಿಲ್ ಬೇಕು ಅಂತ ಕೇಳೋದನ್ನೂ ಬಿಟ್ಟಿದ್ಲು.

ಮೇಲ್ವಿಚಾರಕರೊಬ್ಬರು

ನಿಜ ಹೇಳದಿದ್ದರೆ ಏನು ಮಾಡಬೇಕು ಎಂದು ಕೇಳಿದ್ದೀರಿ. ನನ್ನ ಅನುಭವದಲ್ಲಿ ಮೊದಲ ಭೇಟಿಯಲ್ಲಿ ಹೇಳಿದ ಸಾಲದ ಮೊತ್ತ ಕೊನೆಗೆ ನಿಜವಾಗುವುದು ಅಪರೂಪ. ಕಾರಣ ನಾಚಿಕೆ, ಇಲ್ಲವೇ ಪಕ್ಕದಲ್ಲಿ ಕೂತಿರುವವರಿಗೆ ಗೊತ್ತಾಗಬಾರದೆಂಬ ಹೆದರಿಕೆ. ಗಂಡನಿಗೆ ಗೊತ್ತಿಲ್ಲದೆ ಹೆಂಡತಿ ಮಾಡಿದ ಸಾಲ, ಹೆಂಡತಿಗೆ ಗೊತ್ತಿಲ್ಲದೆ ಗಂಡ ಹಾಕಿದ ಜಾಮೀನು ಪ್ರತಿ ಎರಡನೇ ಫೈಲಿನಲ್ಲಿ ಸಿಗುತ್ತದೆ ಅಂದರೂ ತಪ್ಪಾಗದು. ಆದ್ದರಿಂದ ಒಮ್ಮೆಯಾದರೂ ಇಬ್ಬರ ಜೊತೆ ಬೇರೆ ಬೇರೆಯಾಗಿ ಮಾತಾಡಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಸಂಬಳವನ್ನು ಪೂರ್ತಿ ಕಿತ್ತುಕೊಳ್ಳುವುದು, ಹೆದರಿಸಿ ಹೆಂಡತಿಯ ಹೆಸರಿನಲ್ಲಿ ಸಾಲ ಎತ್ತಿಸುವುದು, ಖರ್ಚಿಗೆ ಒಂದೊಂದು ಕಾಸಿಗೂ ಲೆಕ್ಕ ಕೇಳಿ ಕಾಡುವುದು, ಇವೆಲ್ಲ ದೌರ್ಜನ್ಯ. ಜೋಡಿಯಾಗಿ ಕೂರಿಸಿ ಕೇಳಿದರೆ ಅದು ಎಂದಿಗೂ ಹೊರಬರುವುದಿಲ್ಲ. ಒಬ್ಬರು ಗುಟ್ಟಾಗಿ ಹೇಳಿದ್ದನ್ನು ಇನ್ನೊಬ್ಬರ ಮುಂದೆ ನೀವು ಬಾಯಿಬಿಡುವಂತಿಲ್ಲ, ಅದನ್ನು ಮೊದಲೇ ಇಬ್ಬರಿಗೂ ಹೇಳಿಬಿಡಿ.

ಪ್ರಶ್ನೆ ಕೇಳುವ ರೀತಿಯೂ ಮುಖ್ಯ. "ಸಾಮಾನ್ಯವಾಗಿ ತಿಂಗಳಿಗೆ ಎಷ್ಟು ಖರ್ಚು?" ಎಂದರೆ ಅವರು ಊಹೆ ಹೇಳುತ್ತಾರೆ, ಅದೂ ನಿಮಗೆ ಒಪ್ಪಿಗೆಯಾಗಬಹುದಾದ ಊಹೆ. "ಹೋದ ವಾರ ಏನೇನು ಕೊಂಡಿರಿ, ನಿನ್ನೆ ಯಾರಿಗೆ ಕೊಟ್ಟಿರಿ" ಎಂದು ಕೇಳಿ. ದಿನಗೂಲಿ, ವಾರದ ಕೂಲಿಯವರಿಗೆ ತಿಂಗಳ ಬಜೆಟ್ ಅರ್ಥವೇ ಆಗದು, ವಾರದ ಲೆಕ್ಕ ಹಾಕಿ. ಆದಾಯ ಖರ್ಚು ಚೊಕ್ಕವಾಗಿ ಸರಿಹೊಂದಿದ ಬಜೆಟ್ ಕಂಡರೆ ಅನುಮಾನ ಪಡಿ, ಅದರಲ್ಲಿ ವರ್ಷಕ್ಕೊಮ್ಮೆ ಬರುವ ಶಾಲಾ ಶುಲ್ಕ, ಬಟ್ಟೆ, ರಿಪೇರಿ ಬಿಟ್ಟುಹೋಗಿರುತ್ತದೆ.

ಇನ್ನೊಂದು ಪ್ರಶ್ನೆಯನ್ನು ಹೊಸಬರು ಯಾರೂ ಕೇಳುವುದಿಲ್ಲ: "ನಿಮಗೆ ಯಾರಾದರೂ ಕೊಡಬೇಕಾದದ್ದು ಇದೆಯಾ?" ಡ್ಯಾರಿಲ್ ಕಾಲಿನ್ಸ್, ಜೊನಾಥನ್ ಮರ್ಡಕ್, ಸ್ಟುವರ್ಟ್ ರದರ್‌ಫೋರ್ಡ್ ಮತ್ತು ಒರ್ಲಾಂಡಾ ರುತ್ವೆನ್ ಸೇರಿ ಬಾಂಗ್ಲಾದೇಶ, ಭಾರತ, ದಕ್ಷಿಣ ಆಫ್ರಿಕಾದ ಬಡ ಕುಟುಂಬಗಳ ಹಣದ ಓಡಾಟವನ್ನು ವರ್ಷವಿಡೀ ದಿನಚರಿಯಂತೆ ಬರೆಸಿದ್ದರು. 2009ರಲ್ಲಿ ಅದು ಪ್ರಕಟವಾಯಿತು. ಸಾಲ, ಉಳಿತಾಯ, ಕೈಬದಲು ಎಲ್ಲ ಸೇರಿ ನಾಲ್ಕಕ್ಕಿಂತ ಕಡಿಮೆ ಬಗೆಯ ವ್ಯವಹಾರ ಇಟ್ಟುಕೊಂಡ ಮನೆ ಒಂದೂ ಅದರಲ್ಲಿ ಇರಲಿಲ್ಲ. ಕೈಯಲ್ಲಿ ಏನೂ ಇಲ್ಲ ಅನ್ನುವ ಮನೆಯೂ ಯಾರಿಗೋ ಕೊಟ್ಟಿರುತ್ತದೆ, ಎಲ್ಲೋ ಒಂದಿಷ್ಟು ಕೂಡಿಟ್ಟಿರುತ್ತದೆ. ನಮ್ಮ ಒಂದು ಕುಟುಂಬಕ್ಕೆ ಹಳೆಯ ಕೆಲಸದ ಕೊನೆಯ ಸಂಬಳ ಬಂದೇ ಇರಲಿಲ್ಲ. ಅವರು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕೇಳಿದ್ದಕ್ಕೆ ಹೊರಬಂತು, ಅರ್ಜಿ ಹಾಕಿದೆವು, ಬಂತು.

ಹತ್ತಿರದವರ ವಿಚಾರ ತಿಳಿಯಲು ಆನ್ ಹಾರ್ಟ್‌ಮನ್ 1970ರ ದಶಕದಲ್ಲಿ ರೂಪಿಸಿದ ಎಕೊಮ್ಯಾಪ್ ಈಗಲೂ ಒಳ್ಳೆಯ ಸಾಧನ. ನಡುವೆ ಮನೆ, ಸುತ್ತ ಶಾಲೆ, ಕೆಲಸ, ಆಸ್ಪತ್ರೆ, ನೆಂಟರು, ಸಾಲ ಕೊಟ್ಟವರು ಎಂದು ವೃತ್ತ ಹಾಕಿ ಗೆರೆ ಎಳೆಯಲು ಮನೆಯವರಿಗೇ ಕೊಡಿ. ಬಾಯಲ್ಲಿ ಬಾರದ್ದು ಗೆರೆಯಲ್ಲಿ ಬರುತ್ತದೆ.

ಇನ್ನೊಬ್ಬ ಕೇಸ್‌ವರ್ಕರ್

ಮೊದಲು ಬರೆದ ಅಕ್ಕನ ಮಾತಿಗೆ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಹಾನಿಯ ಲೆಕ್ಕದಲ್ಲಿ ಪಟ್ಟಿ ಮಾಡುವುದು ಸರಿ. ಆದರೆ ಜನ ಲೆಕ್ಕಕ್ಕಿಂತ ಗೆಲುವಿನಿಂದ ಮುಂದೆ ಹೋಗುತ್ತಾರೆ. ಎಂಟು ಸಾಲ ಇರುವ ಮನೆಗೆ ಅತಿ ಸಣ್ಣ ಸಾಲವೊಂದನ್ನು ಪೂರ್ತಿ ತೀರಿಸಿ ಪಟ್ಟಿಯಿಂದ ಹೊಡೆದು ಹಾಕಲು ಬಿಟ್ಟರೆ ಮುಂದಿನ ಏಳಕ್ಕೆ ಧೈರ್ಯ ಬರುತ್ತದೆ. ಡೇವಿಡ್ ಗಾಲ್ ಮತ್ತು ಬ್ಲೇಕ್ಲಿ ಮ್ಯಾಕ್‌ಶೇನ್ 2012ರಲ್ಲಿ ಸಾಲ ಪರಿಹಾರ ಯೋಜನೆಯಲ್ಲಿದ್ದವರ ದಾಖಲೆ ನೋಡಿ ಇಂಥದ್ದನ್ನೇ ಕಂಡಿದ್ದರು: ಕೊನೆವರೆಗೆ ಗೆದ್ದು ಬರುತ್ತಾರಾ ಎಂಬುದನ್ನು, ಎಷ್ಟು ಮೊತ್ತ ತೀರಿಸಿದರು ಎಂಬುದಕ್ಕಿಂತ ಎಷ್ಟು ಪಾಲು ಖಾತೆಗಳನ್ನು ಪೂರ್ತಿ ಮುಚ್ಚಿದರು ಎಂಬುದೇ ಚೆನ್ನಾಗಿ ಹೇಳುತ್ತಿತ್ತು. ಬಡ್ಡಿ ಲೆಕ್ಕದಲ್ಲಿ ಸ್ವಲ್ಪ ನಷ್ಟವಾದರೂ ನಾನು ಈ ದಾರಿಯನ್ನೇ ಹಿಡಿಯುತ್ತೇನೆ.

ಸಾಲ ಸಲಹೆ ಕೆಲಸದಲ್ಲಿರುವವರು

ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಅದರ ಹೊತ್ತು ಬೇರೆ. ಮನೆ ಖಾಲಿ ಮಾಡಿಸುವ ತಾರೀಕು ತಲೆ ಮೇಲಿರುವಾಗ ಸಣ್ಣ ಸಾಲ ತೀರಿಸಿ ಖುಷಿಪಡಲು ಆಗದು. ಸೂರು, ದೀಪ, ದುಡಿಮೆ ಇಷ್ಟು ಭದ್ರವಾದ ಮೇಲೆ, ಉಳಿದ ಸಾಲಗಳಲ್ಲಿ ಸಣ್ಣದನ್ನು ಮೊದಲು ಎತ್ತಿಕೊಳ್ಳಿ ಅಂತ ನಾನೂ ಹೇಳುತ್ತೇನೆ. ಆದರೆ ಅವುಗಳಲ್ಲಿ ಒಂದು ಸಾಲ ತಿಂಗಳಿಗೆ ನೂರಕ್ಕೆ 10ರ ಬಡ್ಡಿಯದ್ದಾಗಿದ್ದರೆ ಗೆಲುವಿಗೆ ಕಾಯಬೇಡಿ, ಅದನ್ನು ಮೊದಲು ಮುಗಿಸಿ.

ಕಾನೂನು ನೆರವು ಕೇಂದ್ರದಲ್ಲಿ ಕೆಲಸ ಮಾಡುವವರು

ಸಾಲ ಕೊಟ್ಟವರ ಜೊತೆ ಮಾತಾಡುವ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಮನೆಯವರ ಲಿಖಿತ ಒಪ್ಪಿಗೆ ಇಲ್ಲದೆ ಒಂದು ಫೋನೂ ಮಾಡಬೇಡಿ. ಮಾತಾಡಿದ ಪ್ರತಿ ಸಲ ತಾರೀಕು, ಸಮಯ, ಆ ಕಡೆ ಮಾತಾಡಿದವರ ಹೆಸರು, ಏನು ಒಪ್ಪಿದರು ಎಂದು ಬರೆಯಿರಿ, ಅದನ್ನೇ ಪತ್ರದಲ್ಲಿ ಕಳಿಸಿ "ಹೀಗೆ ಒಪ್ಪಿದ್ದೀರಿ" ಎಂದು ದೃಢಪಡಿಸಿಕೊಳ್ಳಿ. ಬಾಯಿಮಾತಿನ ರಿಯಾಯಿತಿ ಮುಂದಿನ ವಸೂಲಿಗಾರ ಬಂದಾಗ ಉಳಿಯುವುದಿಲ್ಲ. ಕೊಟ್ಟ ಹಣಕ್ಕೆ ರಸೀದಿ ಬೇಕೇ ಬೇಕು, ಕೈಬರಹದ ಚೀಟಿಯಾದರೂ ಸರಿ.

ಗಾಬರಿಯಲ್ಲಿ ಜನ "ಮುಂದಿನ ತಿಂಗಳಿಂದ ಅರ್ಧ ಕಟ್ತೀನಿ" ಎಂದು ಒಪ್ಪಿಬಿಡುತ್ತಾರೆ. ಎರಡನೇ ಕಂತಿಗೇ ತಪ್ಪುತ್ತದೆ, ಆಮೇಲೆ ಯಾವ ಮಾತನ್ನೂ ಆ ಕಡೆಯವರು ನಂಬುವುದಿಲ್ಲ. ಸೂರು, ಊಟ, ಔಷಧಿ ಕಳೆದು ಉಳಿಯುವುದು ಎಷ್ಟು ಎಂದು ಲೆಕ್ಕ ಹಾಕಿ ಅಷ್ಟನ್ನೇ ಹೇಳಿ. ಅದು ನಾಚಿಕೆಯಾಗುವಷ್ಟು ಸಣ್ಣದಾಗಿದ್ದರೂ, ಆ ಲೆಕ್ಕದ ಹಾಳೆಯನ್ನು ಜೊತೆಗಿಟ್ಟರೆ ಬಹಳಷ್ಟು ಜನ ಒಪ್ಪುತ್ತಾರೆ. ಏನೂ ಉಳಿಯದಿದ್ದರೆ ಕಂತಿನ ಬದಲು ಸಮಯ ಕೇಳಿ: ಇಷ್ಟು ತಿಂಗಳು ಬಡ್ಡಿ ನಿಲ್ಲಿಸಿ, ವಸೂಲಿ ನಿಲ್ಲಿಸಿ, ಆಮೇಲೆ ಮತ್ತೆ ಕೂರೋಣ.

ಬಹಳ ಹಳೆಯ ಸಾಲದ ಬಗ್ಗೆ ಎಚ್ಚರ. ಹಲವು ದೇಶಗಳ ಕಾನೂನಿನಲ್ಲಿ ಸಾಲ ವಸೂಲಿಗೆ ಕೋರ್ಟಿಗೆ ಹೋಗಲು ಕಾಲಮಿತಿ ಇದೆ. ಆ ಮಿತಿ ಮುಗಿಯುವ ಮುಂಚೆ "ಹೌದು, ಇದು ನನ್ನ ಸಾಲ" ಎಂದು ಸಹಿ ಮಾಡಿದರೆ ಅಥವಾ ಒಂದು ಸಣ್ಣ ಕಂತು ಕಟ್ಟಿದರೆ ಆ ಅವಧಿ ಮೊದಲಿನಿಂದ ಮತ್ತೆ ಶುರುವಾಗಬಹುದು. ಒಳ್ಳೆಯ ಮನಸ್ಸಿನಿಂದ ನೀವು ಬರೆದುಕೊಟ್ಟ ಪತ್ರವೇ ಅವರಿಗೆ ಮುಳುವಾಗಬಾರದು. ಹಳೆಯ ಸಾಲ ಕಂಡ ಕೂಡಲೇ ವಕೀಲರಿಗೆ ತೋರಿಸಿ, ಅಲ್ಲಿಯವರೆಗೆ ಏನನ್ನೂ ಒಪ್ಪಿ ಬರೆಯಬೇಡಿ.

ಎಲ್ಲ ಸಾಲ ಸೇರಿಸಿ ಒಂದೇ ಸಾಲ ಮಾಡಿಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಅನ್ನುವವರಿಂದ ಮನೆಯವರನ್ನು ದೂರ ಇಡಿ. ಅಡಮಾನವಿಲ್ಲದ ನಾಲ್ಕು ಸಾಲ ಹೋಗಿ, ಮನೆಯನ್ನೇ ಅಡವಿಟ್ಟ ಒಂದು ಸಾಲವಾಗುವುದನ್ನು ನಾನು ನೋಡಿದ್ದೇನೆ. ಕಂತು ಇಳಿದಂತೆ ಕಾಣುತ್ತದೆ, ಅಪಾಯ ಸೂರಿಗೆ ಬಂದಿರುತ್ತದೆ.

ಆಪ್ತಸಮಾಲೋಚಕಿ

ಒಂದು ವಿಷಯವನ್ನು ನೇರವಾಗಿ ಹೇಳಬೇಕು. ಸಾಲದಲ್ಲಿ ಮುಳುಗಿದವರು "ನಾನಿಲ್ಲದಿದ್ದರೆ ಇವರಾದರೂ ನೆಮ್ಮದಿಯಾಗಿರುತ್ತಾರೆ" ಎಂಬಂಥ ಮಾತಾಡಿದರೆ ಅದನ್ನು ದುಃಖದ ಮಾತೆಂದು ಬಿಟ್ಟು ಮುಂದೆ ಹೋಗಬೇಡಿ. ಆತ್ಮಹತ್ಯೆಯ ಯೋಚನೆ ಬರುತ್ತಿದೆಯಾ ಎಂದು ಅದೇ ಪದದಲ್ಲಿ, ಮೆತ್ತಗಿನ ದನಿಯಲ್ಲಿ ಕೇಳಿ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಎಂಬುದು ತಪ್ಪು ನಂಬಿಕೆ. ವಿಶ್ವ ಆರೋಗ್ಯ ಸಂಸ್ಥೆ 2014ರ ತನ್ನ ವರದಿಯಲ್ಲಿ ಇದನ್ನು ತಪ್ಪು ಕಲ್ಪನೆಗಳ ಸಾಲಿನಲ್ಲೇ ಸೇರಿಸಿದೆ. ಹೆಚ್ಚಿನವರಿಗೆ ಯಾರೋ ಒಬ್ಬರು ಕೇಳಿದರಲ್ಲ ಎಂದು ಎದೆ ಹಗುರಾಗುತ್ತದೆ.

ಹೌದು ಅಂದರೆ ಅವತ್ತಿನ ಸಾಲದ ಪಟ್ಟಿ ಬದಿಗಿಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಅವರು ನಂಬುವ ಒಬ್ಬರನ್ನು ಕರೆಸಿ, ಮನೆಯಲ್ಲಿ ಕೀಟನಾಶಕ, ಹೆಚ್ಚು ಮಾತ್ರೆಗಳಂಥವಿದ್ದರೆ ಕೈಗೆ ಸಿಗದಂತೆ ಮಾಡಿಸಿ, ವೈದ್ಯರನ್ನೋ ಸಹಾಯವಾಣಿಯನ್ನೋ ನೀವೇ ಸಂಪರ್ಕಿಸಿ, ನಿಮ್ಮ ಮೇಲಿನವರಿಗೆ ಅದೇ ದಿನ ತಿಳಿಸಿ. "ಯಾರಿಗೂ ಹೇಳುವುದಿಲ್ಲ" ಎಂದು ಮಾತ್ರ ಎಂದೂ ಮಾತು ಕೊಡಬೇಡಿ. ಜೀವದ ಪ್ರಶ್ನೆ ಬಂದಾಗ ಗುಟ್ಟು ಉಳಿಸುವಂತಿಲ್ಲ ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಿರಬೇಕು.

ನಿಮ್ಮ ಬಗ್ಗೆಯೂ ಒಂದು ಮಾತು. ಚಾರ್ಲ್ಸ್ ಫಿಗ್ಲಿ 1990ರ ದಶಕದಲ್ಲಿ ಅನುಕಂಪದ ದಣಿವು ಎಂಬುದನ್ನು ವಿವರವಾಗಿ ಬರೆದರು. ಇನ್ನೊಬ್ಬರ ನೋವನ್ನು ದಿನವೂ ಹತ್ತಿರದಿಂದ ಕೇಳುವವರಿಗೆ ಅದೇ ನೋವಿನ ಲಕ್ಷಣಗಳು ಅಂಟುತ್ತವೆ: ನಿದ್ದೆ ಹೋಗುವುದು, ಸಿಡುಕು, ಆಮೇಲೆ ಒಂದು ಬಗೆಯ ಮರಗಟ್ಟುವಿಕೆ. ಬಂದವರ ಕಣ್ಣೀರು ಏನೂ ಅನ್ನಿಸದಂತಾದರೆ ನಿಮ್ಮ ಮನಸ್ಸು ಗಟ್ಟಿಯಾಯಿತು ಎಂದುಕೊಳ್ಳಬೇಡಿ, ಮೇಲ್ವಿಚಾರಕರ ಜೊತೆ ಕೂತು ಮಾತಾಡಿ. ಕೆಲಸಕ್ಕೆ ಸೇರುವ ಮುಂಚೆಯೇ "ವಾರಕ್ಕೊಮ್ಮೆ ಕೇಸ್ ಚರ್ಚೆಗೆ ಸಮಯ ಇದೆಯಾ, ಒಬ್ಬರಿಗೆ ಎಷ್ಟು ಕೇಸ್ ಕೊಡುತ್ತೀರಿ" ಎಂದು ಕೇಳಿ. ಕೇಳಲು ಸಂಕೋಚ ಬೇಡ.

ನಿವೃತ್ತ ಕೇಸ್‌ವರ್ಕರ್

ಸ್ವಂತ ಹಣ ಕೊಡುವ ವಿಚಾರ ಯಾರೂ ಎತ್ತಿಲ್ಲ. ಕೊಡಬೇಕು ಅನ್ನಿಸುತ್ತದಮ್ಮ, ಖಂಡಿತ ಅನ್ನಿಸುತ್ತದೆ. ಕೊಡಬೇಡಿ. ಒಂದು ಸಲ ಕೊಟ್ಟರೆ ಅವರ ಪಟ್ಟಿಯಲ್ಲಿ ನೀವೂ ಒಬ್ಬ ಸಾಲ ಕೊಟ್ಟವರಾಗುತ್ತೀರಿ. ಹಿಂದಿರುಗಿಸಲು ಆಗದ್ದಕ್ಕೆ ನಾಚಿ ಅವರು ನಿಮ್ಮನ್ನು ಭೇಟಿ ಮಾಡುವುದನ್ನೇ ಬಿಡುತ್ತಾರೆ. ಆ ಮನೆಗೆ ಉಳಿದಿದ್ದ ಒಂದು ಬಾಗಿಲೂ ಮುಚ್ಚುತ್ತದೆ. ಕೇಂದ್ರದ ತುರ್ತು ನಿಧಿಗೆ ನೀವು ದಾನ ಮಾಡಿ, ಅದು ನಿಯಮದ ಪ್ರಕಾರ ಯಾರಿಗೆ ಹೋಗಬೇಕೋ ಹೋಗಲಿ.

ಫೈಲ್ ಬರೆಯುವ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನನಗೆ ಇದರ ಬಗ್ಗೆ ಬಲವಾದ ಅಭಿಪ್ರಾಯವಿದೆ. ನಮ್ಮ ಈ ಕೆಲಸ ಹುಟ್ಟಿದ್ದು 1869ರಲ್ಲಿ ಲಂಡನ್ನಿನಲ್ಲಿ ಶುರುವಾದ ದಾನ ಸಂಘಟನಾ ಸೊಸೈಟಿಯಂಥ ಕಡೆಗಳಲ್ಲಿ. ಅವರು ಬಡವರನ್ನು ನೆರವಿಗೆ ಅರ್ಹರು, ಅನರ್ಹರು ಎಂದು ವಿಂಗಡಿಸುತ್ತಿದ್ದರು. ಕುಡಿಯುವವನಾ, ಸೋಮಾರಿಯಾ ಎಂದು ಪರೀಕ್ಷಿಸಿ ತೀರ್ಪು ಕೊಡುತ್ತಿದ್ದರು. ಅದೇ ಚಳವಳಿಯೊಳಗಿಂದ, ಅಮೆರಿಕದ ಬಾಲ್ಟಿಮೋರ್‌ನ ಸೊಸೈಟಿಗೆ 1889ರಲ್ಲಿ ಸಹಾಯಕ ಖಜಾಂಚಿಯಾಗಿ ಸೇರಿದ ಮೇರಿ ರಿಚ್ಮಂಡ್ ಬಂದರು. 1917ರಲ್ಲಿ ಅವರು ಕೇಸ್‌ವರ್ಕ್‌ಗೆ ಒಂದು ಶಿಸ್ತು ಹಾಕಿಕೊಟ್ಟಾಗ ತೋರಿಸಿದ ಮುಖ್ಯ ವ್ಯತ್ಯಾಸ ಇದು: ಕಂಡದ್ದು ಬೇರೆ, ಇನ್ನೊಬ್ಬರು ಹೇಳಿದ್ದು ಬೇರೆ, ಅದರಿಂದ ನಾವು ಊಹಿಸಿದ್ದು ಬೇರೆ. ನೂರು ವರ್ಷ ಕಳೆದರೂ ಫೈಲುಗಳಲ್ಲಿ ಇವು ಮೂರೂ ಕಲಸಿಹೋಗಿರುತ್ತವೆ. "ಬೇಜವಾಬ್ದಾರಿ ತಂದೆ" ಎಂದು ಬರೆದವರು ಬರೆದು ಹೋಗುತ್ತಾರೆ. ಆ ಎರಡು ಪದ ಆ ಮನುಷ್ಯನ ಜೊತೆ ಕಚೇರಿಯಿಂದ ಕಚೇರಿಗೆ ನಡೆಯುತ್ತವೆ. "ಮೂರು ಕಂತು ಬಾಕಿ, ಕೆಲಸ ಮಾರ್ಚ್‌ನಲ್ಲಿ ಹೋಗಿದೆ, ಕಂತು ನಿಂತದ್ದು ಏಪ್ರಿಲ್‌ನಿಂದ" ಎಂದು ಬರೆಯಿರಿ. ಓದಿದವರಿಗೆ ವಿಷಯ ಸಿಗುತ್ತದೆ, ಆ ತಂದೆಯ ಮರ್ಯಾದೆಯೂ ಉಳಿಯುತ್ತದೆ. ಅವರೇ ಎದುರಿಗೆ ಕೂತು ಓದುತ್ತಾರೆ ಎಂದುಕೊಂಡು ಪ್ರತಿ ಸಾಲು ಬರೆಯಿರಿ. ಅನೇಕ ಕಡೆ ತಮ್ಮ ಫೈಲ್ ನೋಡುವ ಹಕ್ಕು ಅವರಿಗೆ ಇದ್ದೇ ಇದೆ.

ಕೇಳಿದವರು

ಎಲ್ಲರಿಗೂ ಕೈಮುಗಿದು ವಂದನೆ. ಎಲ್ಲವನ್ನೂ ಬರೆದಿಟ್ಟುಕೊಂಡೆ. ಇನ್ನೊಂದೇ ಪ್ರಶ್ನೆ. ಮೊದಲ ಭೇಟಿ ಮುಗಿಸಿ ಏಳುವಾಗ ಏನು ಹೇಳಿ ಏಳಬೇಕು? ತರಬೇತಿಯಲ್ಲಿ ನೋಡಿದಾಗ ಅದೇ ತುಂಬಾ ಕಷ್ಟದ ಗಳಿಗೆ ಅನ್ನಿಸಿತು. ಅವರು ನಮ್ಮ ಮುಖವನ್ನೇ ನೋಡುತ್ತಿರುತ್ತಾರೆ.

ಸಾಲ ಸಲಹೆ ಕೆಲಸದಲ್ಲಿರುವವರು

"ಎಲ್ಲ ಸರಿಹೋಗುತ್ತೆ" ಅನ್ನಬೇಡಿ, ನಿಮಗೆ ಅದು ಗೊತ್ತಿಲ್ಲ. ಏಳುವ ಮುಂಚೆ ಹತ್ತು ನಿಮಿಷ ಇರುವಾಗಲೇ ಒಂದು ಹಾಳೆ ತೆಗೆದು ದೊಡ್ಡ ಅಕ್ಷರದಲ್ಲಿ ಮೂರು ಸಾಲು ಬರೆಯಿರಿ. ಮುಂದಿನ ಭೇಟಿಯೊಳಗೆ ನಾನು ಮಾಡುವ ಕೆಲಸ, ನೀವು ಮಾಡುವ ಕೆಲಸ, ನಾವು ಮತ್ತೆ ಸೇರುವ ದಿನ ಮತ್ತು ಹೊತ್ತು. ಅವರ ಪಾಲಿಗೆ ಒಂದೇ ಕೆಲಸ ಕೊಡಿ, ಅದೂ ಖಂಡಿತ ಮಾಡಲು ಆಗುವಂಥದ್ದು. ಬಾಡಿಗೆ ಕರಾರು ಪತ್ರ ಹುಡುಕಿಡುವುದು, ಅಷ್ಟು ಸಾಕು. ನಿಮ್ಮ ಪಾಲಿನದ್ದನ್ನು ನಿಮ್ಮ ಕೈಮೀರಿ ಬರೆಯಬೇಡಿ. "ಮನೆ ಮಾಲೀಕರನ್ನು ಒಪ್ಪಿಸುತ್ತೇನೆ" ಎಂದು ಬರೆಯುವ ಬದಲು "ಮನೆ ಮಾಲೀಕರಿಗೆ ಬುಧವಾರದೊಳಗೆ ಫೋನ್ ಮಾಡುತ್ತೇನೆ, ಏನಂದರು ಎಂದು ಅವತ್ತೇ ತಿಳಿಸುತ್ತೇನೆ" ಎಂದು ಬರೆಯಿರಿ. ಬುಧವಾರ ಅವರು ಫೋನ್ ಎತ್ತದಿದ್ದರೂ, ಎತ್ತಲಿಲ್ಲ ಎಂದಾದರೂ ಮನೆಯವರಿಗೆ ತಿಳಿಸಿ. ಬೇರೆ ಎಲ್ಲರೂ ಗಡುವು ಹಾಕಿ ಅವರನ್ನು ಕಾಯಿಸಿರುತ್ತಾರೆ, ನಿಮ್ಮ ಬುಧವಾರ ಬುಧವಾರವೇ ಆಗಿರಬೇಕು.

ಆ ಹಾಳೆ ಅವರ ಹತ್ತಿರ ಇರಲಿ, ಅದರ ಫೋಟೊ ನಿಮ್ಮ ಫೈಲಿಗೆ. ಎರಡನೇ ಭೇಟಿ ಶುರುವಾಗುವುದು ಅದೇ ಹಾಳೆಯಿಂದ, ಮೊದಲು ನಿಮ್ಮ ಸಾಲು ಓದಿ, ಆಮೇಲೆ ಅವರದ್ದು.